ಅರ್ಧ ನೋಡಿದ ಸೊನ್ನೆ

ಹುಸೇನಸಾಬರೆ, ನಿಮ್ಮ ತಮ್ಮ ದಸ್ತಗೀರ ಮೈಗಳ್ಳನಲ್ಲ. ಹಡಗಿನಲ್ಲಿ ಅವನಿಗೆ ಬಂದ ಅಪವಾದ ನನ್ನ ತಪ್ಪು ಲೆಕ್ಕದಿಂದ ಬಂದದ್ದು. ಅದು ನನಗೆ ತಿಳಿದ ಮೇಲೂ—ಒಂದು ಮಹಾಯುದ್ಧ ಸುರುವಾಗಿ ಮುಗಿಯುವವರೆಗೂ—ನಾನು ಬಾಯಿ ಬಿಡಲಿಲ್ಲ.

ಹಾನಗಲ್ಲಿನ ವೈದಿಕರ ಮನೆಯಲ್ಲಿ ಹುಟ್ಟಿ, ಸಮುದ್ರ ದಾಟಬೇಡವೆಂಬ ಅಪ್ಪನ ಮಾತು ಮೀರಿ ಮುಂಬಯಿಗೆ ಓಡಿಬಂದ ನನ್ನನ್ನು ಹಡಗು ಹತ್ತಿಸಿದವರು ನೀವು. ಬಾಯ್ಲರಿಗೆ ಕಲ್ಲಿದ್ದಲು ಹಾಕುವವರಿಗೆ ನೀವು ಮುಖಂಡರು. ದಸ್ತಗೀರ ನಿಮ್ಮ ಕೈಕೆಳಗೆ. ನನ್ನದು ಎಂಜಿನ್ನಿನ ಕುದುರೆಶಕ್ತಿ ಅಳೆದು ಬರೆಯುವ ಕೆಲಸ. ಆಗ ನಿಮಗೆ ಯಾರೂ ಬಿಡಿಸಿ ಹೇಳಲಿಲ್ಲ, ಈಗ ಹೇಳುತ್ತೇನೆ. ನೀರೊಳಗೆ ಹಡಗನ್ನು ನೂಕುವ ಪಂಖ ತಿರುಗಿಸುವ ಉಕ್ಕಿನ ದಂಡ, ಒದ್ದೆ ಧೋತರ ಹಿಂಡಿದ ಹಾಗೆ, ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಮಾಪಕ ಆ ತಿರುಚನ್ನು ತೋರಿಸುತ್ತದೆ. ಅದರಿಂದ ಶಕ್ತಿಯ ಲೆಕ್ಕ. ಆದರೆ ಹಡಗು ಹೊರಡುವ ಮೊದಲು ದಂಡವನ್ನು ನಿಧಾನವಾಗಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸಿ, ಎರಡರ ನಡುವಿನ ಅಂಕಿಯನ್ನು ಸೊನ್ನೆಯೆಂದು ಹಿಡಿಯಬೇಕು.

ಅಂದು ನಾನು ಮುಂದಕ್ಕೆ ಮಾತ್ರ ತಿರುಗಿಸಿದೆ. ಯಾಕೆ? ಹೇಳಲು ನಾಚಿಕೆ—ಬಂದರಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುಗಿದೀತೆಂಬ ಅವಸರ. "ದೋನೋ ತರಫ್ ದೇಖಾ?" —ಎರಡೂ ಕಡೆ ನೋಡಿದೆಯಾ—ಎಂದು ಎಂಜಿನ್ ಸಾಹೇಬ ಕೇಳಿದ. "ಹಾಂ ಸಾಬ್" ಎಂದೆ.

ಸೊನ್ನೆ ಇರಬೇಕಾದ್ದಕ್ಕಿಂತ ಮೇಲೆ ಕೂತಿತು, ಅಷ್ಟನ್ನು ಕಳೆದೇ ನಾನು ಲೆಕ್ಕ ಬರೆದೆ. ಶಕ್ತಿ ದಿನವೂ ಕಡಿಮೆ ಬಂತು. ನಾನು ಅಳೆಯುತ್ತಿದ್ದುದು ದಸ್ತಗೀರನ ಪಾಳಿಯಲ್ಲಿ. ಬೆಂಕಿ ಸರಿಯಾಗಿ ಉರಿಸುತ್ತಿಲ್ಲವೆಂದು ಸಾಹೇಬ ಕೂಗಾಡಿದ. "ಆಚಾರ್ರ, ಇನ್ನೊಮ್ಮೆ ನೋಡ್ರಿ" ಎಂದು ದಸ್ತಗೀರ ನನ್ನನ್ನು ಕೇಳಿಕೊಂಡ. "ಅವರ ಅಂಕಿ ಯಾಕ ಸುಳ್ಳ ಹೇಳ್ತಾವಲೇ, ಮೈಗಳ್ಳಾ!" ಎಂದು ನೀವು ಎಲ್ಲರೆದುರು ಅವನ ಕಪಾಳಕ್ಕೆ ಹೊಡೆದಿರಿ. ನಾನು... ಪೆನ್ಸಿಲ್ ಕೆತ್ತುತ್ತ ನಿಂತಿದ್ದೆ.

ಏಡನ್ ಬಂದರಿನಲ್ಲಿ ಅವನನ್ನು ಕೆಲಸದಿಂದ ತೆಗೆದು ಇಳಿಸಿದರು. ಅಲ್ಲಿ ಹಡಗು ನಿಂತಿದ್ದಾಗ, ಮಾಪಕ ಒರೆಸುವ ನೆವದಲ್ಲಿ, ದಂಡವನ್ನು ಎರಡೂ ಕಡೆ ತಿರುಗಿಸಿ ಸೊನ್ನೆ ಸರಿಮಾಡಿದೆ. ಯಾರಿಗೂ ಹೇಳಲಿಲ್ಲ. ಮರುದಿನ ಶಕ್ತಿ ಪೂರ್ತಿ ಬಂತು. "ನೋಡ್ರಿ, ಅಂವ ಇಳಿದ ಮ್ಯಾಲೆ ಹೆಂಗ ಏರ್ತು" ಎಂದಿರಿ. ಕದ್ದು ತಿದ್ದಿದ ನನ್ನ ತಪ್ಪೇ ಅವನ ಮೇಲೆ ಸಾಕ್ಷಿ ಹೇಳಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನೀವು ಬೇಲಿಯನ್ನು ನಂಬಿದಿರಿ.

ಆಗಲೇ ಹೇಳಬಹುದಿತ್ತು. ಮೊದಲು ಕೆಲಸ ಹೋದೀತೆಂಬ ಭಯ. ಆಮೇಲೆ—ಆಮೇಲೆ ನಿಮ್ಮ ಮುಖದ ಭಯ. ಮೊನ್ನೆ ಅಕ್ಕಿಆಲೂರ ಸಂತೆಯಲ್ಲಿ ವೀಳ್ಯದೆಲೆಯ ಪೆಂಡಿ ಬಿಚ್ಚುತ್ತ ನೀವು, "ದಸ್ತಗೀರನ ಮಗಳ ಲಗ್ನ ಐತಂತ್ರಿ. ಆ ಮೈಗಳ್ಳನ ಹೊಸ್ತಿಲಾ ನಾ ತುಳಿಯೂದಿಲ್ಲ" ಎಂದಿರಿ. ಮತ್ತೆ ಎಲೆ ಎಣಿಸುತ್ತ, "ಹುಡುಗಿ ಯಾರ ಹಂಗ ಅದಾಳ? ನೀವೇನರ ನೋಡೀರೇನ್ರಿ?" ಎಂದು ಕೇಳಿದಿರಿ. ಒಂದೇ ಊರಿನಲ್ಲಿದ್ದೂ ತಮ್ಮನ ಮಗಳ ಮುಖ ನೀವು ಕಂಡಿಲ್ಲ. ಆ ಪ್ರಶ್ನೆ ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನಿಮಗೆ ಓದಲು ಬರುವುದಿಲ್ಲ. ಇದನ್ನು ಬೇರೆಯವರ ಬಾಯಿಂದ ಕೇಳಿಸುವ ಹೇಡಿತನ ಇನ್ನು ಬೇಡ. ನಾಳೆ ಈ ಕಾಗದ ಹಿಡಿದು ನಿಮ್ಮೂರು ಸವಣೂರಿಗೆ ಬರುತ್ತೇನೆ. ಮೊದಲು ದಸ್ತಗೀರನ ಮನೆಯಲ್ಲಿ ಓದುತ್ತೇನೆ, ಆಮೇಲೆ ನಿಮ್ಮಲ್ಲಿ. ನನಗೆ ಕ್ಷಮೆ ಬೇಡ. ಕೇಳುವ ಮುಖವೂ ಇಲ್ಲ. ಆ ಲಗ್ನಕ್ಕೆ ನನ್ನನ್ನು ಯಾರೂ ಕರೆಯುವುದು ಬೇಡ, ಹುಸೇನಸಾಬರೆ. ನೀವು ಹೋಗಿ.