ಹರಿದ ಕಡೆ ಮಾತ್ರ ತೋರಿಸಿದ ಅಕ್ಕ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಕಾಜಾ ಅಕ್ಕ ಎಂದರೆ ಸಾಕು. ಕೋಟಿನ ಗುಂಡಿ ತೂರಿಸುವ ಕಂಡಿಯ ಸುತ್ತ ಒತ್ತಾಗಿ ಹಾಕುವ ಹೊಲಿಗೆಗೆ ಕಾಜಾ ಎನ್ನುತ್ತಾರೆ. ಮೂವತ್ತು ವರ್ಷ ಅದನ್ನೇ ಹೊಲಿದು ಅವಳ ತೋರುಬೆರಳು ಜಡ್ಡುಗಟ್ಟಿತ್ತು, ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು. ಅಂಗಡಿಯಲ್ಲಿ ಕತ್ತರಿ ತಮ್ಮನದು, ಮಾತು ಅಕ್ಕನದು. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೇಳು. ಸೂಜಿ ಹಿಡಿಯಲು ಕಲಿಸಿದವಳೂ ಅವಳೇ, ಶಾಲೆಯ ಮೇಷ್ಟರಿಂದ ಹಿಡಿದು ಹೆಣ್ಣು ಕೊಟ್ಟ ಮಾವನವರೆಗೆ ಅವನ ಪರವಾಗಿ ಮಾತಾಡಿದವಳೂ ಅವಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಹೆರದೆಯೇ ಅಷ್ಟು ಮುದ್ದು.

ತಮ್ಮನಿಗೆ ಎರಡು ಥರದ ಕಾಲ ಬರುತ್ತಿತ್ತು. ಒಂದರಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವನು, ಮೂರು ಗಂಟೆ ನಿದ್ದೆ ಮಾಡಿ ದಿನಕ್ಕೊಂದು ಕೋಟು ಮುಗಿಸುವನು, ಬೇಕಿರದ ಮಿಷನ್ನು ಕೊಂಡು ತರುವನು, ಗಿರಾಕಿಗಳನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವನು. ಇನ್ನೊಂದರಲ್ಲಿ ಅದೇ ಮನುಷ್ಯ ಸೂಜಿಗೆ ದಾರ ಪೋಣಿಸಲಾಗದೆ ಗೋಡೆ ನೋಡುತ್ತ ತಿಂಗಳುಗಟ್ಟಲೆ ಕೂರುವನು. ಊಟ ಬೇಡ, ಸ್ನಾನ ಬೇಡ, ಬದುಕೇ ಬೇಡ. ಅಕ್ಕನ ಲೆಕ್ಕದಲ್ಲಿ ಮೊದಲನೆಯದು ತಮ್ಮನ ಪ್ರತಿಭೆ, ಎರಡನೆಯದು ಮಾತ್ರ ಕಾಯಿಲೆ. ತಮ್ಮನ ಹೆಂಡತಿ ಒಮ್ಮೆ ಪಾತ್ರೆ ತೊಳೆಯುತ್ತ, "ಅಕ್ಕ, ಅವರು ಸುಮ್ಮನೆ ಕೂತಾಗ ಸಂಕಟ ಆಗುತ್ತೆ. ಆದ್ರೆ ಅವರು ಹಾರಾಡ್ತಾರಲ್ಲ, ಆಗ ನನಗೆ ಭಯ ಆಗುತ್ತೆ" ಅಂದಿದ್ದಳು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅವನು ಸಾಯುವ ಮಾತಾಡಿದಾಗ ಮಾತ್ರ ಅವಳ ಎದೆ ಒಡೆದುಹೋಯಿತು. ಡಾಕ್ಟರ ಬಳಿ ಕರೆದೊಯ್ದಳು. ಒಳಗೆ ತಮ್ಮನ ಪಕ್ಕ ತಾನೇ ಕೂತಳು. ಅವನ ಹೆಂಡತಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಕೂತಳು. ತಮ್ಮನಿಗೆ ಬಾಯಿ ಬಿಡಲೂ ಶಕ್ತಿಯಿರಲಿಲ್ಲ, ಎಲ್ಲವನ್ನೂ ಅಕ್ಕನೇ ಹೇಳಿದಳು.

ಕೊನೆಗೆ ಡಾಕ್ಟರು ಕೇಳಿದರು: "ಇದಕ್ಕೆ ಉಲ್ಟಾ ದಿನಗಳೂ ಇದ್ವಾ? ನಿದ್ದೆ ಕಡಿಮೆ, ಮಾತು ಜಾಸ್ತಿ, ವಿಪರೀತ ಹುರುಪು, ಹಿಂದೆ ಮುಂದೆ ನೋಡದೆ ಖರ್ಚು?"

"ಇಲ್ಲ ಡಾಕ್ಟ್ರೇ. ಉಳಿದ ದಿನ ನನ್ನ ತಮ್ಮ ಅಪ್ಪಟ ಚಿನ್ನ."

ಸುಳ್ಳು ಹೇಳಿದಳೆಂದು ನಾನು ಹೇಳಲಾರೆ. ರಿಪೇರಿಗೆ ಬಟ್ಟೆ ತಂದವರು ಹರಿದ ಕಡೆಯನ್ನಷ್ಟೇ ತೋರಿಸುತ್ತಾರೆ, ಚೆನ್ನಾಗಿರುವ ತೋಳನ್ನು ಯಾರೂ ತೋರಿಸುವುದಿಲ್ಲ. ಜೀವಮಾನವಿಡೀ ಆ ಕೌಂಟರಿನ ಹಿಂದೆ ಕೂತವಳು ಡಾಕ್ಟರ ಮುಂದೆಯೂ ಗಿರಾಕಿಯಂತೆಯೇ ನಡೆದುಕೊಂಡಳು. ಡಾಕ್ಟರು ಖಿನ್ನತೆ ಎಂದು ಬರೆದು ಮಾತ್ರೆ ಕೊಟ್ಟರು.

ಐದು ವಾರಕ್ಕೆ ತಮ್ಮ ಎದ್ದು ಕೂತ. ಆರನೇ ವಾರ ಹಾಡಿದ. ಏಳನೇ ವಾರ, ಜಗತ್ತಿನ ಕೋಟುಗಳೆಲ್ಲ ತಪ್ಪು ಅಳತೆಯವು, ಸರಿಯಾದದ್ದು ತನಗೊಬ್ಬನಿಗೇ ಹೊಳೆದಿದೆ ಎಂದು, ಹೊಲಿದು ಇಸ್ತ್ರಿ ಮಾಡಿ ತೂಗುಹಾಕಿದ್ದ ಹತ್ತೊಂಬತ್ತು ಕೋಟುಗಳ ಹೊಲಿಗೆ ಬಿಚ್ಚಿದ.

"ಅಕ್ಕ, ಮಾತ್ರೆ ಶುರುವಾದ ಮೇಲೆ ಜಾಸ್ತಿ ಆಗಿದೆ. ಡಾಕ್ಟರಿಗೆ ಹೇಳೋಣ" ಎಂದು ಅವನ ಹೆಂಡತಿ ಅಂಗಲಾಚಿದಳು.

"ಗಂಡ ನಗ್ತಾ ಇದ್ರೆ ನಿನಗ್ಯಾಕೆ ಹೊಟ್ಟೆಕಿಚ್ಚು?" ಅಂದಳು ಅಕ್ಕ.

ಮರುದಿನ ಅವನು ಬಟ್ಟೆ ಗಿರಣಿ ತೋರಿಸುತ್ತೇನೆಂದು ಆರು ವರ್ಷದ ಮಗಳನ್ನು ಬಸ್ಸು ಹತ್ತಿಸಿಕೊಂಡು ಹೋದ. ಯಾವುದೋ ನಿಲ್ದಾಣದ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಯಾರೊಂದಿಗೋ ಮಾತಿಗೆ ಬಿದ್ದು, ಮರೆತು ಬೇರೆ ಬಸ್ಸು ಹತ್ತಿದ. ಮಗು ಸಂಜೆಯವರೆಗೂ ಅಲ್ಲೇ ಕೂತಿತ್ತು. ಒಬ್ಬ ಕಂಡಕ್ಟರ್ ಕರೆತಂದು ಮನೆ ಮುಟ್ಟಿಸಿದ. ಆ ವಾರವೇ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಹೊರಟುಹೋದಳು, ಎರಡು ದಿನ ಅಲೆದು ಮರಳಿದ ಅವನು ಆಸ್ಪತ್ರೆ ಸೇರಿದ.

ಅಲ್ಲಿಯ ಡಾಕ್ಟರಮ್ಮ ಹಳೆಯ ದಿನಗಳ ಗುರುತು ಏನಾದರೂ ಇದೆಯಾ ಎಂದು ಕೇಳಿದರು. ಅಕ್ಕ ಬೇರೇನೂ ತೋಚದೆ ಅಂಗಡಿಯ ಅಳತೆ ಪುಸ್ತಕಗಳನ್ನು ಹೊತ್ತು ತಂದಳು. ಹನ್ನೊಂದು ವರ್ಷದ ಎದೆ, ಸೊಂಟ, ತೋಳುಗಳ ಅಳತೆ. ಕೆಲವು ತಿಂಗಳು ತಮ್ಮನ ಅಕ್ಷರ ದಪ್ಪ ದಪ್ಪವಾಗಿ ಅಂಚು ಮೀರಿ ಓಡುತ್ತಿತ್ತು, ದಿನಕ್ಕೆ ಹದಿನೈದು ಜನ, ನಡುವೆ ಹೊಸ ಹೊಸ ಕೋಟಿನ ಚಿತ್ರ. ಆಮೇಲೆ ಅವನ ಅಕ್ಷರವೇ ಮಾಯ, ವಾರಕ್ಕೆ ಎರಡೋ ಮೂರೋ ಅಳತೆ, ಅವೂ ಅಕ್ಕನ ಕೈಬರಹದಲ್ಲಿ. ಮತ್ತೆ ಅವನ ದಪ್ಪ ಅಕ್ಷರ. ಅಕ್ಕ ತನ್ನ ಕೈಯಲ್ಲೇ ದಿನವೂ ಮಗುಚಿದ ಪುಟಗಳು.

"ಇದು ಬರೀ ಖಿನ್ನತೆ ಅಲ್ಲಮ್ಮ, ಬೈಪೋಲಾರ್" ಅಂದರು ಡಾಕ್ಟರಮ್ಮ. "ಆ ಏರೂ ಈ ಇಳಿತವೂ ಒಂದೇ ಕಾಯಿಲೆ. ಇಂಥವರಿಗೆ ಖಿನ್ನತೆ ಮಾತ್ರೆ ಒಂದನ್ನೇ ಕೊಟ್ರೆ ಕೆಲವರು ಹೀಗೆ ವಿಪರೀತ ಹುರುಪಿಗೆ ಏರಿಬಿಡ್ತಾರೆ. ಮೊದಲು ನೋಡಿದ ಡಾಕ್ಟರು ಹುರುಪಿನ ದಿನಗಳ ಬಗ್ಗೆ ಕೇಳಲಿಲ್ವಾ?"

"ಕೇಳಿದ್ರು" ಅಂದಳು ಅಕ್ಕ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಔಷಧ ಬದಲಾಯಿತು, ತಮ್ಮ ನಿಧಾನವಾಗಿ ಹದಕ್ಕೆ ಬಂದ. ಈಗ ಒಂದು ಕೋಟಿಗೆ ನಾಲ್ಕು ದಿನ ಬೇಕು. ತಿಂಗಳಿಗೊಮ್ಮೆ ಔಷಧದ ಮಟ್ಟ ನೋಡುವ ರಕ್ತ ಪರೀಕ್ಷೆಗೆ ತಾನೇ ಹೋಗಿ ಬರುತ್ತಾನೆ. ಹೀಗೆ ಎರಡು ವರ್ಷ ಒಂದೇ ಸಮ ಕಳೆದ ಮೇಲೆ ಅವನು ಅಕ್ಕನಿಗೆ ಕೇಳಿದ್ದು ಒಂದೇ: "ಅವಳನ್ನ ಒಂದು ಸಲ ಕೇಳಿ ನೋಡ್ತೀಯಾ?"

ಅಕ್ಕ ಹೋದಳು. ಅವನ ಹೆಂಡತಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಸ್ಟೂಲು ಎಳೆದು ಕೂರಿಸಿದಳು, ನೀರು ಕೊಟ್ಟಳು. ಬೈಪೋಲಾರಿನ ಕಥೆಯನ್ನೆಲ್ಲ ಅಕ್ಕ ಪೂರಾ ಬಿಡಿಸಿ ಹೇಳಿದಳು. "ಅದು ಕಾಯಿಲೆ ಕಣಮ್ಮ, ಅವನ ತಪ್ಪಲ್ಲ. ಈಗ ಗೊತ್ತಾಗಿದೆ. ವಾಪಸ್ ಬಾ."

"ಕಾಯಿಲೆ ಅಂತ ನನಗೆ ಮೊದಲೇ ಗೊತ್ತಿತ್ತಲ್ಲ ಅಕ್ಕ" ಅಂದಳು ಅವಳು, ದನಿ ಏರಿಸದೆ. "ಅವರಿಗೆ ಹೆದರಿ ನಾನು ಬಂದಿದ್ದಲ್ಲ. ಮಗು ಮನೆಗೆ ಬಂದ ಸಂಜೆ ನೀವು, 'ಸಿಕ್ತಲ್ಲ, ಇನ್ನೂ ಯಾಕೆ ಅಳ್ತೀಯ' ಅಂದ್ರಿ. ನಾನು ಏನು ಹೇಳಿದ್ರೂ ಆ ಮನೇಲಿ ಕೇಳೋರಿಲ್ಲ ಅಂತ ಅವತ್ತು ಗೊತ್ತಾಯ್ತು. ಭಾನುವಾರ ಮಗಳನ್ನ ಕಳಿಸ್ತೀನಿ, ಅಪ್ಪನ ಜೊತೆ ಇರಲಿ. ನಾನು ಬರಲ್ಲ."

ಅಕ್ಕ ನೀರಿನ ಲೋಟ ಕೆಳಗಿಟ್ಟು ಎದ್ದಳು. ದಾರಿಯುದ್ದಕ್ಕೂ ನಾಚಿಕೆಯಿಂದ ಕುಗ್ಗಿಹೋದಳು. ತಮ್ಮನಿಗೆ ಏನಾದರೂ ಮೆತ್ತಗಿನ ಸುಳ್ಳು ಹೇಳಿಬಿಡಲೇ ಎಂದೂ ಯೋಚಿಸಿದಳು.

ಅವನು ಅಂಗಡಿಯ ಬಾಗಿಲಲ್ಲೇ ನಿಂತಿದ್ದ. "ಏನಂದ್ಲು?"

"ಭಾನುವಾರ ಮಗು ಬರುತ್ತೆ."

"ಅವಳು?"

"ಬರಲ್ಲ ಕಣೋ. ನಿನ್ನಿಂದ ಅಲ್ಲ, ನನ್ನಿಂದ."

ಹಾಗಲ್ಲ ಅಕ್ಕ ಎಂದು ಅವನು ಹೇಳಲಿಲ್ಲ.