ಏನಿಲ್ಲ, ಸಣ್ಣದು
"ಅಮ್ಮಾ, ಹೋದ್ವರ್ಷ ಹೊಟ್ಟೆನೋವು ಇದ್ದದ್ದು ಚಿಕ್ಕಮ್ಮಂಗೆ ತಾನೇ? ಮತ್ತೆ ಸಹಿ ಯಾಕೆ ತಾತ ಹಾಕಿದ್ರು?" ಎಂದು ಮಗಳು ಇವತ್ತು ಕೇಳಿದಳು. ತಾತ ಅಂದರೆ ನನ್ನ ಗಂಡನ ದೊಡ್ಡಪ್ಪ, ನನಗೆ ದೊಡ್ಡಮಾವ. ಮನೆತನದಲ್ಲಿ ಯಾರು ಕೆಮ್ಮಿದರೂ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೊರಡುವವರು ಅವರೇ. ಎಲ್ಲಿ ನೋಯುತ್ತದೆ ಎಂದು ಡಾಕ್ಟರು ರೋಗಿಯನ್ನು ಕೇಳಿದರೆ ಇವರು ತಮ್ಮ ಹೊಟ್ಟೆ ಮುಟ್ಟಿ ತೋರಿಸುತ್ತಾರೆ. "ಯಜಮಾನ್ರು ಬಂದ್ರಲ್ಲ, ಇನ್ನು ನಮಗೆ ಸಲೀಸು" ಎಂದು ನರ್ಸು ಒಪ್ಪಿಗೆ ಪತ್ರ ಇವರ ಕೈಗೇ ಕೊಡುತ್ತಾಳೆ. ಇವರು ಅದನ್ನು ಓದುವುದಿಲ್ಲ. ಸಹಿಯ ಬಾಲವನ್ನು ಕಾಗದದ ಅಂಚಿನವರೆಗೂ ಎಳೆದು, ಮಂಚದ ಕಡೆ ತಿರುಗಿ, "ಏನಿಲ್ಲ, ಸಣ್ಣದು. ನಾನಿದ್ದೀನಲ್ಲ!" ಅನ್ನುತ್ತಾರೆ. ನನ್ನ ಹೆರಿಗೆಯಲ್ಲೂ ಹಾಗೇ ಅಂದರು; ಎಚ್ಚರವಾದಾಗ ಹೊಟ್ಟೆಯ ಮೇಲೆ ಹೊಲಿಗೆ ಇತ್ತು. ಚಿಕ್ಕ ವಯಸ್ಸಿನಲ್ಲಿ ಇವರ ಹೆಂಡತಿ ದೊಡ್ಡತ್ತೆಗೆ ಆಪರೇಷನ್ ಆದಾಗಲೂ ಅದೇ ಮಾತು. ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಇವರೊಬ್ಬರಿಗೇ. ದೊಡ್ಡತ್ತೆ ಹುಟ್ಟುವ ಕೂಸಿಗೆಂದು ಆರು ವರ್ಷ ಕುಲಾವಿ ಹೆಣೆದರಂತೆ. ಉಲ್ಲನ್ ತಂದುಕೊಡುತ್ತಿದ್ದವರು ಇವರೇ. ಈಗ ಗಡ್ಡೆ ಎದ್ದಿರುವುದು ದೊಡ್ಡಮಾವನ ಹೊಟ್ಟೆಯಲ್ಲಿ. ಮಧ್ಯಾಹ್ನ ನನ್ನ ಗಂಡ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, "ಏನಿಲ್ಲ ದೊಡ್ಡಪ್ಪಾ, ಸಣ್ಣದು" ಅಂದರು. ಪಕ್ಕದಲ್ಲಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಗಂಡ ಆ ಪತ್ರ ನನ್ನ ಕೈಗೆ ಕೊಟ್ಟು ಔಷಧಿ ತರಲು ಹೋದದ್ದೇ ದೊಡ್ಡಮಾವ ನನ್ನನ್ನು ಮಂಚದ ಹತ್ತಿರ ಕರೆದರು. "ದಿನಾ ಏನೇನೋ ಬರೀತಿರ್ತೀಯಲ್ಲ, ಓದೋದು ನಿನಗೇನು ಕಷ್ಟ? ಆ ಕಾಗದಾನ ನಂಗೊಂದ್ಸಲ ಓದಿ ಹೇಳಮ್ಮ. ಒಂದಕ್ಷರಾನೂ ಬಿಡಬೇಡ."