ಹಸಿ ಮರದ ಮನೆತನ

"ಮೊದಲು ಎತ್ತಿ, ಆಮೇಲೆ ಒದೀರಿ!" ಎಂದು ಒಳಗಿನಿಂದ ಕೂಗು ಬಂತು.

ದಾಖಲೆ ಮಾವ ಹೊಸ್ತಿಲಾಚೆ ಗಲಿಬಿಲಿಗೊಂಡು ನಿಂತರು. ಮೂವತ್ತೈದು ವರ್ಷ ಕಚೇರಿಯ ಕಡತಗಳ ನಡುವೆ ಕೂತು ನಿವೃತ್ತರಾದ ಅವರನ್ನು ಬಂಧುಬಳಗವೆಲ್ಲ ಕರೆಯುವುದೇ ಹಾಗೆ. ಬಡಗಿಯಾಗಿದ್ದ ಮುತ್ತಾತನ ಕೆಲಸದ ಕುರುಹು ಹುಡುಕಿಕೊಂಡು ಈ ಊರಿಗೆ ಬಂದಿದ್ದರು. ಹೆಗಲಲ್ಲಿ ಚೀಲ, ಚೀಲದಲ್ಲಿ ಭೂತಗನ್ನಡಿ, ಕಾಲಲ್ಲಿ ಪಾಲಿಶ್ ಮಾಡಿದ ಬೂಟು. ಹೇಳಿದಂತೆ ಬಾಗಿಲನ್ನು ಎತ್ತಿದರು, ಒದ್ದರು. ಅದು ಕಿರ್ರೆಂದು ಅರಚಿ ಒಂದು ಗೇಣು ಸರಿಯಿತು. ಹೊಟ್ಟೆ ಒಳಗೆಳೆದುಕೊಂಡು ನುಸುಳುವಾಗ ಬಾಗಿಲಿನ ಅಂಚಿನಲ್ಲಿ ಅದು ಕಂಡಿತು: ಉಳಿಯಲ್ಲಿ ಕೆತ್ತಿದ ಮೂರು ಗೆರೆ, ಕೆಳಗೊಂದು ಚುಕ್ಕಿ. ಅವರ ಮನೆಯ ಹಳೆಯ ಹತಾರದ ಪೆಟ್ಟಿಗೆಯ ಮೇಲೂ ಅದೇ ಗುರುತು.

ಕಣ್ಣು ತುಂಬಿ ಬಂತು. "ಅಜ್ಜೀ, ಇದು ನಮ್ಮ ಮುತ್ತಾತನ ಕೈ!"

ಕಾಳು ಆರಿಸುತ್ತಿದ್ದ ಆ ಮನೆಯ ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಂತೂ ಆ ವಂಶದವನೊಬ್ಬ ಸಿಕ್ಕಿದನಲ್ಲಪ್ಪ! ನಾಲ್ಕು ತಲೆಮಾರಿಂದ ಒದೀತಾ ಇದೀವಿ. ನಾನು ಸೊಸೆಯಾಗಿ ಕಾಲಿಟ್ಟ ದಿನವೇ ಇದು ನನ್ನ ಹೆಬ್ಬೆರಳು ಜಜ್ಜಿತು."

"ಅವರನ್ನ ಊರೂರಿನವರು ಕರೆಸಿಕೊಳ್ತಿದ್ದರಂತೆ..."

"ಕರೆಸಿಕೊಳ್ಳೋದಾ? ಈ ವಾರ ಮರ ಕಡಿದು ಮುಂದಿನ ವಾರ ಬಾಗಿಲು ಕೂರಿಸ್ತಿದ್ದನಂತೆ ಪುಣ್ಯಾತ್ಮ. ಹಸಿ ಮರ! ಅದು ಒಣಗಿ ಸೊಟ್ಟಗಾಗೋ ಹೊತ್ತಿಗೆ ಇವನು ಮೂರು ಊರಾಚೆ. ನಮ್ಮ ಮಾವ ದೊಣ್ಣೆ ಹಿಡ್ಕೊಂಡು ಹುಡುಕಿದ್ದರು."

ದಾಖಲೆ ಮಾವನ ಮುಖ ಸಪ್ಪಗಾಯಿತು. ಅವರು ಬರೆದ ಮನೆತನದ ಚರಿತ್ರೆ ಆಗಲೇ ಅಚ್ಚಿಗೆ ಹೋಗಿತ್ತು. ಮುತ್ತಾತ ಹನ್ನೊಂದು ವರ್ಷದಲ್ಲಿ ಕೆಲಸ ಮಾಡಿದ ಏಳು ಊರುಗಳ ನಕ್ಷೆಯ ಕೆಳಗೆ, "ಅವರ ಕೈಚಳಕಕ್ಕೆ ಮನಸೋತ ಊರೂರಿನವರು ಕರೆಸಿಕೊಂಡರು" ಎಂದು ಬರೆದಿದ್ದರು. ಮಾವನನ್ನಂತೂ ಜೀವಮಾನದಲ್ಲಿ ಯಾರೂ ಎಲ್ಲಿಗೂ ಕರೆಸಿಕೊಂಡಿರಲಿಲ್ಲ. ಹೆಮ್ಮೆಪಡಲು ಅವರಿಗಿದ್ದದ್ದು ಈ ಒಂದು ಸಾಲು.

ಅಜ್ಜಿಯ ಮಾತು ಸುಳ್ಳಾಗಲಿ ಎಂದು ಹಾರೈಸುತ್ತ ಉಳಿದ ಆರು ಊರಿಗೂ ಹೋದರು. ಎಲ್ಲೆಡೆ ಅದೇ ಗುರುತು, ಅದೇ ಒದೆ. ಒಂದು ಮನೆಯವರಂತೂ ಮುಂಬಾಗಿಲಿಗೆ ಗೋಡೆ ಕಟ್ಟಿಕೊಂಡು ಹಿತ್ತಿಲಿಂದ ಓಡಾಡುತ್ತಿದ್ದರು. ಅವರೇ ಮಾವನಿಗೆ ನೀರು ಕೊಟ್ಟು, ಮನೆತನದ ಹೆಸರು ಕೇಳಿ, ಲೋಟ ವಾಪಸು ತೆಗೆದುಕೊಂಡರು.

ಅಷ್ಟರಲ್ಲಿ ಅಚ್ಚಿನ ಮನೆಯಿಂದ ಕರಡು ಬಂದಿತ್ತು. ಹೆಂಡತಿ ಆ ಸಾಲನ್ನು ಗಟ್ಟಿಯಾಗಿ ಓದಿ ನಕ್ಕಳು. "ಕರೆದದ್ದೇನೋ ನಿಜ ಬಿಡಿ. ಅವರು ಓಡಿಹೋದ ಮೇಲೆ!"

"ನಗಬೇಡ. ನೂರು ವರ್ಷದ ಮಾತು, ಯಾರಿಗೆ ಗೊತ್ತಾಗುತ್ತೆ? ಹಾಗೇ ಇರಲಿ."

"ಇರಲಿ, ನಿಮ್ಮ ಅಧ್ಯಾಯಕ್ಕೂ ಅದೇ ಸಾಲು ಹಾಕಿಸಿ. ನಿಮಗೂ ಎರಡೆರಡು ವರ್ಷಕ್ಕೆ ವರ್ಗ ಆಗ್ತಿತ್ತಲ್ಲ, ಅದೂ ಕೇಳಿಕೊಂಡು. ಮೇಜಿನ ಮೇಲೆ ಕಡತ ಕುತ್ತಿಗೆಮಟ್ಟ ಬಂತು ಅಂದರೆ ಅರ್ಜಿ ಬರೀತಿದ್ರಿ. ರಕ್ತ ಎಲ್ಲಿಗೆ ಹೋಗುತ್ತೆ?"

ಮಾವ ಸಂಜೆಯವರೆಗೂ ಕರಡಿನ ಮುಂದೆ ಕೂತಿದ್ದು, ಕೊನೆಗೆ ಆ ಸಾಲು ಹೊಡೆದುಹಾಕಿ, "ಹಸಿ ಮರದಲ್ಲಿ ಬಾಗಿಲು ಮಾಡಿ, ಒಣಗುವ ಮೊದಲು ಊರು ಬಿಡುತ್ತಿದ್ದರು" ಎಂದು ಬರೆದರು. ಪುಸ್ತಕ ಬಂದಾಗ ದೊಡ್ಡಪ್ಪನ ಮಗ ಮನೆಗೇ ಬಂದು ಎಗರಾಡಿದ. "ಸತ್ತವರ ಮಾನ ಹರಾಜು ಹಾಕಿದೆಯಲ್ಲೋ!" ತನ್ನ ಪ್ರತಿಯನ್ನು ಜಗುಲಿಯ ಮೇಲೆ ಬಿಸಾಕಿ ಹೋದ. ಮಾರನೆಯ ದಿನ ಮಾವ ಹತಾರದ ಪೆಟ್ಟಿಗೆ ತೆರೆದು, ಮರ ಹೆರೆದು ನುಣುಪು ಮಾಡುವ ಉಜ್ಜುಗೊರಡು ಹೊರತೆಗೆದರು. ಅದರ ಅಲಗು ಸವೆದೇ ಇರಲಿಲ್ಲ. ಮುತ್ತಾತ ಅದನ್ನು ಹೆಚ್ಚು ಬಳಸಿದಂತೆ ಕಾಣಲಿಲ್ಲ.

ಬೀದಿಯ ಬಡಗಿಯ ಹತ್ತಿರ ಮೂರು ತಿಂಗಳು ಬೈಸಿಕೊಂಡು ಕೆಲಸ ಕಲಿತರು. ಮೊದಲು ಅಜ್ಜಿಯ ಬಾಗಿಲು ಉಜ್ಜಿಕೊಟ್ಟರು. ಅವಳು ಒಂದು ಬೆರಳಲ್ಲಿ ತಳ್ಳಿ ನೋಡಿ, "ಈಗ ಯಾರು ಬೇಕಾದರೂ ಸದ್ದಿಲ್ಲದೆ ಒಳಗೆ ಬಂದುಬಿಡ್ತಾರಲ್ಲೋ" ಎಂದು ಗೊಣಗಿದಳು.

ದಾಖಲೆ ಮಾವ ಈಗ ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಆ ಏಳು ಊರುಗಳಿಗೆ ಹೋಗಿ ಬಾಗಿಲು ಸರಿಮಾಡುತ್ತಾರೆ.